ನೀರು ಪಳಗುವ ತನಕ

ಅಕ್ಕನನ್ನು ಮೀನು ಮಾರ್ಕೆಟ್ಟಿನಿಂದ ಬಿಡಿಸಬೇಕೆಂದು ನಾನು ಆರು ಅಡಿ ಉದ್ದದ ಗಾಜಿನ ತೊಟ್ಟಿಯೊಂದನ್ನು ತಂದು ಹಾಲ್‌ನಲ್ಲಿ ಇಟ್ಟೆ. ಹೀಗೆ ಒಂದೇ ಉಸಿರಿನಲ್ಲಿ ಹೇಳಿದರೆ ನನಗೇ ನಗು ಬರುತ್ತದೆ. ಆಗ ಯಾರಿಗೂ ಹೀಗೆ ಹೇಳಿರಲಿಲ್ಲ. ಹೆಂಡತಿಗೆ ಹೇಳಿದ್ದು, ನಿವೃತ್ತಿಯಾದ ಮೇಲೆ ಕೈಗೊಂದು ಕೆಲಸ ಬೇಕು, ದೊಡ್ಡದೊಂದು ಅಕ್ವೇರಿಯಂ ಮಾಡುತ್ತೇನೆ ಎಂದು.

"ಮಾಡಿ. ಅದರ ನೀರು ನನ್ನ ಅಡುಗೆಮನೆಗೆ ಬರ್ದಿದ್ರೆ ಸಾಕು" ಎಂದಳು ಅವಳು.

ಅಕ್ಕ ಅಂಕೋಲೆಯ ಮಾರ್ಕೆಟ್ಟಿನಲ್ಲಿ ಮೀನು ಮಾರುವವಳು. ಅಮ್ಮ ತೀರಿಕೊಂಡ ಮೇಲೆ ಅಮ್ಮನ ಬುಟ್ಟಿಯನ್ನೂ ಅಮ್ಮ ಕೂರುತ್ತಿದ್ದ ಜಾಗವನ್ನೂ ಅವಳೇ ವಹಿಸಿಕೊಂಡಳು. ಆ ಬುಟ್ಟಿಯಿಂದಲೇ ನಾನು ಓದಿದ್ದು, ಕದ್ರಾದ ವಿದ್ಯುದಾಗಾರದಲ್ಲಿ ಕೆಲಸಕ್ಕೆ ಸೇರಿದ್ದು, ಕಾರವಾರದಲ್ಲಿ ಮನೆ ಕಟ್ಟಿದ್ದು. ಈ ಮಾತನ್ನು ಅವಳೆದುರು ಎತ್ತಿದರೆ ಅವಳಿಗೆ ಸೇರುವುದಿಲ್ಲ. "ನೀ ಓದಿದ್ದು ನಿನ್ನ ತಲೆಯಿಂದ, ಬುಟ್ಟಿಯಿಂದಲ್ಲ" ಎಂದು ಬಾಯಿ ಮುಚ್ಚಿಸುತ್ತಾಳೆ.

ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತೂ ಕೂತೂ ಅವಳ ಮಂಡಿ ಸವೆದುಹೋಯಿತು. ಕಾರವಾರದಲ್ಲಿ ಆಪರೇಷನ್ ಆಯಿತು. ಬೇಲೇಕೇರಿಯಲ್ಲಿ ಅವಳ ಮಗ ಸೊಸೆ ಇದ್ದಾರೆ, ಮಗ ಬೋಟಿಗೆ ಹೋಗುವವನು, ಸೊಸೆಗೆ ಸೊಂಟದ ಮೇಲೊಂದು, ಬೆರಳು ಹಿಡಿದು ಇನ್ನೊಂದು ಮಗು. ಫಿಸಿಯೋಥೆರಪಿಗೆ ದಿನಾ ಆಸ್ಪತ್ರೆಗೆ ಹೋಗಬೇಕಿದ್ದುದರಿಂದ ಅವಳನ್ನು ನಮ್ಮ ಮನೆಗೇ ಕರೆತಂದೆವು. ಮೆಟ್ಟಿಲು ಹತ್ತುವಂತಿರಲಿಲ್ಲ, ಹಾಲ್‌ನಲ್ಲೇ ಮಂಚ ಹಾಕಿದೆವು. ಡಾಕ್ಟರು ಒಂದೇ ಮಾತು ಹೇಳಿದ್ದರು: ಇನ್ನು ಮೇಲೆ ನೆಲದ ಮೇಲೆ ಕೂರುವಂತಿಲ್ಲ.

ನನಗೆ ಒಳಗೊಳಗೇ ಸಮಾಧಾನವಾಯಿತು. ವರ್ಷಗಳಿಂದ ನಾನು ಹೇಳಿ ಸೋತದ್ದನ್ನು ಡಾಕ್ಟರು ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದರು. ಅಕ್ಕನ ಚಿಂತೆ ಮಾತ್ರ ಬೇರೆ.

"ತಮಾ, ನನ್ನ ಜಾಗ ಹೋಗ್ತದ್ಯೋ. ಯಾವತ್ತು ಕಳಿಸ್ತೀಯೋ ನನ್ನ?"

ಮಾರ್ಕೆಟ್ಟಿನ ಜಾಗ ಎಂದರೆ ಅದಕ್ಕೆ ಬಾಗಿಲಿಲ್ಲ, ಬೋರ್ಡಿಲ್ಲ. ದಿನಾ ಬಂದು ಕೂರುವುದೇ ಹಕ್ಕು. ಅಕ್ಕನದು ಒಳಗೆ ಬರುವವರ ಕಣ್ಣಿಗೆ ಮೊದಲು ಬೀಳುವ ಮೂಲೆ. ತುದಿಯಲ್ಲಿ ಬಿಸಿಲಿಗೆ ಕೂತವರಿಗೆ ಅದರ ಮೇಲೆ ಯಾವಾಗಲೂ ಒಂದು ಕಣ್ಣು. ಯಾರಾದರೂ ಬಹಳ ದಿನ ಬರದಿದ್ದರೆ ಪಕ್ಕದವರು ಒಂದು ಗೇಣು ಸರಿಯುತ್ತಾರೆ, ಅವರ ಪಕ್ಕದವರು ಇನ್ನೊಂದು ಗೇಣು. ಕೊನೆಗೆ ಅಲ್ಲೊಂದು ಜಾಗ ಇತ್ತೆಂಬ ಗುರುತೇ ಉಳಿಯುವುದಿಲ್ಲ. ನಾನು ನೆಚ್ಚಿಕೊಂಡದ್ದು ಇದನ್ನೇ. ಜಾಗ ತಾನಾಗಿಯೇ ಹೋದರೆ ನಾನು ಕೆಟ್ಟವನಾಗುವ ಕೆಲಸವಿಲ್ಲ. ಅಲ್ಲಿಯ ತನಕ ಅವಳ ಮನಸ್ಸು ಬೇರೆ ಕಡೆ ತಿರುಗಬೇಕಿತ್ತು. ಹುಟ್ಟಿದಾರಭ್ಯ ಮೀನಿನ ಜೊತೆ ಇದ್ದವಳಿಗೆ ಮನೆಯಲ್ಲೇ ಮೀನು ಕೊಟ್ಟರಾಯಿತು ಎಂಬುದು ನನ್ನ ಜಾಣತನ.

ತೊಟ್ಟಿ ಇಟ್ಟದ್ದು ಅವಳ ಮಂಚದೆದುರು, ಕಬ್ಬಿಣದ ಸ್ಟ್ಯಾಂಡಿನ ಮೇಲೆ. ಅಂಗಡಿಯವನು ಅಂಚಿಗೆ ತೂಗುಹಾಕುವ ಸಣ್ಣ ಫಿಲ್ಟರೊಂದನ್ನು ತೋರಿಸಿದ. ಇಷ್ಟು ನೀರಿಗೆ ಅದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಬೇಡವೆಂದೆ. ಇಡೀ ನೌಕರಿ ಕಾಳಿ ನದಿಯ ನೀರನ್ನು ಟರ್ಬೈನಿಗೆ ಬಿಡುವುದರಲ್ಲೇ ಕಳೆದವನು ನಾನು, ಒಂದು ಗಾಜಿನ ಪೆಟ್ಟಿಗೆಯ ನೀರನ್ನು ತಿರುಗಿಸಲು ಅಂಗಡಿಯವನ ಬುದ್ಧಿ ಬೇಕೇ?

ಸ್ಟ್ಯಾಂಡಿನ ಕೆಳಗೆ ಇನ್ನೊಂದು ಸಣ್ಣ ತೊಟ್ಟಿ ಇಟ್ಟೆ. ಅದನ್ನು ಗಾಜಿನ ತುಂಡುಗಳಿಂದ ಮೂರು ಕೋಣೆ ಮಾಡಿದೆ. ಮೇಲಿನ ತೊಟ್ಟಿಯಲ್ಲಿ ಅಂಚಿನವರೆಗೆ ಏರಿದ ನೀರು ಕೊಳವೆಯಲ್ಲಿ ಇಳಿದು ಮೊದಲ ಕೋಣೆಗೆ ಬರುತ್ತದೆ. ಅಲ್ಲಿ ದಪ್ಪ ಸ್ಪಂಜು, ಕಸ ಹಿಡಿಯಲು. ಎರಡನೆಯ ಕೋಣೆಯಲ್ಲಿ ಸಣ್ಣಗೆ ಒಡೆದ ಚಿರೇಕಲ್ಲು. ಅಂಗಡಿಯಲ್ಲಿ ಇದಕ್ಕೆಂದೇ ತೂತುತೂತಾದ ಪಿಂಗಾಣಿ ಬಳೆಗಳು ಸಿಗುತ್ತವೆ, ಆದರೆ ತೂತಿಗೆ ನಮ್ಮ ಚಿರೇಕಲ್ಲಿಗಿಂತ ಬೇಕೇ ಎಂದು ಕೆಂಪು ಹೋಗುವ ತನಕ ತೊಳೆದು ಅದನ್ನೇ ತುಂಬಿದೆ. ಮೂರನೆಯ ಕೋಣೆಯಲ್ಲಿ ಪಂಪು. ಅದು ನೀರನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ನಲ್ಲಿ ನೀರಿನಲ್ಲಿ ಬ್ಲೀಚಿಂಗ್ ವಾಸನೆ ಇತ್ತು, ಅದಕ್ಕೆ ಬಾವಿ ನೀರು ತುಂಬಿದೆ. ಪಂಪು ಹಾಕಿದಾಗ ನೀರು ಇಳಿದು, ಏರಿ, ಸದ್ದಿಲ್ಲದೆ ಸುತ್ತತೊಡಗಿತು. ಹೆಂಡತಿಯನ್ನು ಕರೆದು ತೋರಿಸಿದೆ. ನನ್ನ ಎದೆ ಎರಡು ಇಂಚು ಉಬ್ಬಿತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ಕರೆಂಟು ಹೋಯಿತು. ನಾವು ಮೀನು ಸಾರಿನ ಮೇಲೆ ಗಮನವಿಟ್ಟು ಉಣ್ಣುತ್ತಿದ್ದೆವು. ಮಂಚದ ಮೇಲೆ ಕಾಲು ಚಾಚಿ ಉಣ್ಣುತ್ತಿದ್ದ ಅಕ್ಕನೇ ಮೊದಲು ನೋಡಿದ್ದು.

"ಏ ತಮಾ, ಸಮುದ್ರ ಮನೆಗೇ ಬಂತಲ್ಲೋ!"

ಪಂಪು ನಿಂತ ಕೂಡಲೇ ನೀರು ಮೇಲಕ್ಕೆ ಹೋಗುವ ಕೊಳವೆಯಲ್ಲೇ ಹಿಂದಕ್ಕೆ ಇಳಿಯಲು ಶುರುವಾಗಿತ್ತು. ಕೆಳಗಿನ ತೊಟ್ಟಿ ತುಂಬಿ ಹಾಲ್ ಆಯಿತು, ಹಾಲ್ ದಾಟಿ ಅಡುಗೆಮನೆ. ನಾನು ಕೈ ತೊಳೆಯದೆ ಓಡಿ ಕೊಳವೆಯ ಬಾಯಿಯನ್ನು ನೀರಿನಿಂದ ಮೇಲೆತ್ತಿ ಹಿಡಿದು ನಿಂತೆ. ಹೆಂಡತಿ ಸೀರೆ ಎತ್ತಿ ಕಟ್ಟಿ ಗೋಣಿಚೀಲ ಹಾಸುತ್ತ, "ಮಾಡಿದ್ದುಣ್ಣೋ ಮಹಾರಾಯ" ಎಂದಳು. ಅಕ್ಕ ತಟ್ಟೆ ಬದಿಗಿಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಡ್ಯಾಮು ಕಾದ ಗಂಡ್ಸು! ನಾಕು ಕೊಡ ನೀರು ತಡೀಲಿಕ್ಕೆ ಆಗ್ಲಿಲ್ಲ!"

ಆಪರೇಷನ್ ಆದಮೇಲೆ ಅವಳು ನಕ್ಕದ್ದು ಅದೇ ಮೊದಲು. ಸಿಟ್ಟು ಬಂದಿದ್ದ ನನಗೆ ಆ ನಗು ಕೇಳಿ ಹಿತವೂ ಆಯಿತು.

ಪರಿಹಾರ ಬಹಳ ಸಣ್ಣದು. ನೀರಿನ ಮಟ್ಟಕ್ಕಿಂತ ತುಸು ಕೆಳಗೆ ಆ ಕೊಳವೆಗೆ ಒಂದು ತೂತು ಕೊರೆದರೆ ಸಾಕು. ನೀರು ಅಷ್ಟು ಇಳಿದ ಕೂಡಲೇ ತೂತಿನಿಂದ ಗಾಳಿ ನುಗ್ಗಿ ಎಳೆತ ನಿಂತುಹೋಗುತ್ತದೆ. ವಿದ್ಯುದಾಗಾರದ ದೊಡ್ಡ ಕೊಳವೆಗಳಿಗೂ ಗಾಳಿ ಬಿಡುವ ವಾಲ್ವು ಇರುತ್ತದೆ, ಅದರ ನಟ್ಟು ಬೋಲ್ಟು ನಾನೇ ಬಿಚ್ಚಿ ಕಟ್ಟಿದವನು. ಮನೆಯ ಕೊಳವೆ ಸಣ್ಣದೆಂದು ಅದಕ್ಕೆ ನಿಯಮವೂ ಬೇಡ ಎಂದುಕೊಂಡಿದ್ದೆ.

ನೀರು ಸುತ್ತಿದ ಮಾತ್ರಕ್ಕೆ ಮೀನು ಬಿಡುವಂತಿಲ್ಲ. ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ, ಅದು ಮೀನಿಗೆ ವಿಷ. ಅದನ್ನು ತಿಂದು ವಿಷ ಕಳೆಯುವ ಜೀವಾಣುಗಳು ಸ್ಪಂಜಿನಲ್ಲೂ ಕಲ್ಲಿನ ತೂತುಗಳಲ್ಲೂ ಬೆಳೆಯಬೇಕು. ಅಂಗಡಿಯಿಂದ ತಂದು ಸುರಿದರೂ ಅವು ಒಂದೇ ದಿನಕ್ಕೆ ನಿಲ್ಲುವುದಿಲ್ಲ. ಅವಕ್ಕೆ ಉಣ್ಣಲು ಕೊಟ್ಟು, ಕಾಯಬೇಕು. ಉಣ್ಣಲು ಕೊಡುವ ಸುಲಭದ ದಾರಿ ಎಂದರೆ ಒಂದು ಶೆಟ್ಲಿಯನ್ನು, ಎಂದರೆ ಸಿಗಡಿಯನ್ನು, ನೀರಿನಲ್ಲಿ ಕೊಳೆಯಲು ಬಿಡುವುದು. ಅಡುಗೆಗೆ ತಂದ ಶೆಟ್ಲಿಯಲ್ಲಿ ದಪ್ಪನೆಯದೊಂದನ್ನು ತೆಗೆದು ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟೆ.

"ಅದೆಂತದೋ ನೀರಲ್ಲಿ?" ಎಂದಳು ಅಕ್ಕ.

"ಶೆಟ್ಲಿ."

"ಸತ್ತದ್ದಾ?"

"ಸತ್ತದ್ದೇ. ಕೊಳೀಲಿ ಅಂತ ಹಾಕಿದ್ದು."

ಅವಳು ನನ್ನ ಮುಖ ನೋಡಿದಳು, ಆಮೇಲೆ ನನ್ನ ಹೆಂಡತಿಯ ಮುಖ ನೋಡಿದಳು. "ತಂಗೀ, ಇವಂಗೆ ಜ್ವರ ಗಿರ ಬಂದದೆಯಾ ನೋಡು. ಒಂದು ಶೆಟ್ಲಿ ಕೊಳೆತ್ರೆ ಇಡೀ ಬುಟ್ಟಿ ಹೋಗ್ತದೆ. ಇಂವ ಕೊಳೀಲಿ ಅಂತ ಹಾಕ್ತಾನಂತೆ!"

ಜೀವಾಣುವಿನ ಪಾಠ ಹೇಳಿದೆ. ಅವಳು ಕಿವಿಗೊಡಲಿಲ್ಲ. ಕೊನೆಗೆ, "ಹೊಸ ಗಡಿಗೆ ತಂದು ಅದೇ ದಿನ ಮೀನು ಸಾರು ಮಾಡ್ತೀಯಾ ಅಕ್ಕಾ?" ಎಂದು ಕೇಳಿದೆ.

"ಮಾಡಿದ್ರೆ ಒಡೆದು ಹೋಗ್ತದೆ. ಗಂಜಿನೀರು ಕುದಿಸಿ ಪಳಗಿಸ್ಬೇಕು."

"ಇದೂ ಹಂಗೇ. ನೀರು ಪಳಗಬೇಕು."

"ಹಂಗೆ ಹೇಳು ಮತ್ತೆ" ಎಂದಳು. ಆದರೂ ಮೂಗು ಮುಚ್ಚಿಕೊಂಡಳು. ಕೊಳೆತ ವಾಸನೆ ಬರುವ ಮೀನು ಅವಳಿರುವ ಕಡೆ ಇದೆ ಎಂಬುದೇ ಅವಳಿಗೆ ಮಾನ ಹೋಗುವ ಸಂಗತಿ. ಅಕ್ಕಪಕ್ಕದವರು ಅವಳನ್ನು ನೋಡಲು ಬಂದರೆ ಮೊದಲಿಗೇ "ವಾಸ್ನೆ ನಂದಲ್ಲ, ಇವಂದು" ಎಂದು ನನ್ನ ಕಡೆ ಕೈ ತೋರಿಸುತ್ತಿದ್ದಳು.

ಕಾಯುವುದು ನನಗೆ ಒಗ್ಗಿದ ಕೆಲಸವಲ್ಲ. ದಿನಾ ಒಂದು ಸಣ್ಣ ಗಾಜಿನ ನಳಿಕೆಯಲ್ಲಿ ನೀರು ತೆಗೆದು ಔಷಧದ ಹನಿ ಹಾಕಿ ಬಣ್ಣ ನೋಡುತ್ತಿದ್ದೆ. ಹಸಿರಾದರೆ ಅಮೋನಿಯಾ ಇದೆ, ಹಳದಿಯಾದರೆ ಇಲ್ಲ. ವಾರಗಟ್ಟಲೆ ಹಸಿರು. ಅಕ್ಕ ಮಂಚದಿಂದ ಇಳಿದು ವಾಕರ್ ಹಿಡಿದು ಬಾಗಿಲ ತನಕ ಹೋದ ದಿನವೂ ಹಸಿರು. ವಾಕರ್ ಬಿಟ್ಟು ಕೋಲು ಹಿಡಿದ ಮೇಲೆ ಒಂದು ಬೆಳಿಗ್ಗೆ ಹಳದಿ ಬಂತು. ಸ್ಪಂಜನ್ನು ಮುಟ್ಟಿ ನೋಡಿದೆ. ಕಂದು ಬಣ್ಣದ ತೆಳ್ಳನೆಯ ಲೋಳೆ ಕಟ್ಟಿತ್ತು. ಇಷ್ಟು ಸಂತೋಷದಿಂದ ನಾನು ಲೋಳೆಯನ್ನು ಯಾವತ್ತೂ ಮುಟ್ಟಿರಲಿಲ್ಲ.

ಏಂಜೆಲ್ ಮೀನುಗಳನ್ನೂ ಕೆಂಪು ಪಟ್ಟೆಯ ಸಣ್ಣ ಮೀನುಗಳನ್ನೂ ತಂದೆ. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ ಎಂದು ನಾನು ಅಕ್ಕನನ್ನು ಕರೆಯದೆ ಸುಮ್ಮನಿದ್ದೆ. ಅವಳಾಗಿಯೇ ಕುರ್ಚಿ ಎಳೆಸಿಕೊಂಡು ತೊಟ್ಟಿಯೆದುರು ಕೂತಳು. ಏಂಜೆಲ್ ಮೀನನ್ನು ನೋಡಿ, "ಪಾಪ್ಲೆಟ್ ಉಪವಾಸ ಬಿದ್ದ ಹಂಗಿದೆ. ಯಾರೂ ಕೇಳೂದಿಲ್ಲ ಇದನ್ನ" ಎಂದು ತೀರ್ಪು ಕೊಟ್ಟಳು. ಸಣ್ಣವನ್ನು ನೋಡಿ, "ಇದು ಬೆಕ್ಕಿಗೆ" ಎಂದಳು. ಆಮೇಲೆ ಬಹಳ ಹೊತ್ತು ನೋಡಿ ಒಂದು ಮಾತು ಹೇಳಿದಳು. "ಜಲ್ಮ ಪೂರಾ ಕಿವಿರು ಎತ್ತಿ ಗಿರಾಕಿಗೆ ತೋರಿಸ್ದೆ ತಮಾ, ಕೆಂಪು ಅದೆ ನೋಡಿ ಅಂತ. ಅದು ಹಿಂಗೆ ತೆರೆದು ಮುಚ್ಚಿ ಮಾಡೂದನ್ನ ಕೂತು ನೋಡಿರ್ಲಿಲ್ಲ."

ನಾನು ಗೆದ್ದೆ ಎಂದುಕೊಂಡೆ. ಬೆಳಿಗ್ಗೆ ಎದ್ದು ಮೀನಿಗೆ ತಿಂಡಿ ಹಾಕುವುದು ಅವಳ ಕೆಲಸವಾಯಿತು. ಮಧ್ಯಾಹ್ನ ಮಾರ್ಕೆಟ್ ಮುಗಿಯುವ ಹೊತ್ತಿಗೆ ಮಾತ್ರ ಅವಳಿಗೊಂದು ಫೋನು ಬರುತ್ತಿತ್ತು. ಪಕ್ಕದ ಜಾಗದಲ್ಲಿ ಕೂರುವ ಅವಳ ಗೆಳತಿಯದು. ಇಬ್ಬರದೂ ಗಟ್ಟಿ ಗಂಟಲು, ಫೋನು ಬೇಕಾಗಿರಲಿಲ್ಲ. ಬಂಗಡೆ ಬಂತೋ, ತಾರ್ಲೆ ಬಂತೋ, ಯಾರ ಬೋಟು ಬಂತು, ಯಾರ ಸೊಸೆ ಹೆತ್ತಳು. ನಾನು ಅದನ್ನು ಹರಟೆ ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. "ಇನ್ನೆಂತ ಅಕ್ಕಾ, ಇಲ್ಲೇ ಇರು" ಎಂದು ಒಮ್ಮೆ ಸಲುಗೆಯಲ್ಲಿ ಹೇಳಿಯೂ ನೋಡಿದೆ. ಅವಳು ಮೀನಿನ ತಿಂಡಿಯ ಡಬ್ಬಿಯ ಮುಚ್ಚಳ ಹಾಕುತ್ತ, "ನೋಡ್ವ" ಎಂದಳು. ಆ "ನೋಡ್ವ"ವನ್ನು ನಾನು ಒಪ್ಪಿಗೆ ಎಂದು ತಿಳಿದುಕೊಂಡೆ.

ಒಂದು ಭಾನುವಾರ ನಾನೂ ಹೆಂಡತಿಯೂ ಹಳೆಯ ಸಹೋದ್ಯೋಗಿಯ ಮಗಳ ಮದುವೆಗೆ ಹೋಗಿ ಸಂಜೆ ಬಂದೆವು. ಎರಡು ದಿನ ಕಳೆದು ಮೀನುಗಳು ನೀರಿನ ಮೇಲೆ ಬಂದು ಬಾಯಿ ಬಿಡತೊಡಗಿದವು. ಒಂದು ಏಂಜೆಲ್ ಮೂಲೆಯಲ್ಲಿ ವಾಲಿತ್ತು. ನಳಿಕೆಯಲ್ಲಿ ಹನಿ ಹಾಕಿದೆ. ಕಡು ಹಸಿರು. ಪಂಪು ಸರಿ ಇದೆ, ನೀರು ಸುತ್ತುತ್ತಿದೆ. ಬಗ್ಗಿ ಮೊದಲ ಕೋಣೆಯ ಸ್ಪಂಜನ್ನು ಎತ್ತಿದೆ. ಅಂಗಡಿಯಿಂದ ಈಗ ತಾನೇ ತಂದಂತೆ ಬೆಳ್ಳಗಿತ್ತು. ಚಿರೇಕಲ್ಲು ಕೂಡ ತಿಕ್ಕಿದ ಪಾತ್ರೆಯಂತೆ ಹೊಳೆಯುತ್ತಿತ್ತು.

"ಅಕ್ಕಾ, ಇದನ್ನ ಯಾರು ಮುಟ್ಟಿದ್ದು?"

"ನಾನೇ ತೊಳೆದೆ" ಎಂದಳು, ಹೆಮ್ಮೆಯಿಂದ. "ಎಂತಾ ಹೊಲಸು ಹಿಡಿದಿತ್ತೋ ಮಾರಾಯಾ. ಕೆಲಸದವ್ಳ ಕೈಲಿ ಹೊರಗೆ ತೆಗೆಸಿ, ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ, ಮೂರು ನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ ಇಟ್ಟೆ. ಒಂದು ಚೂರು ವಾಸ್ನೆ ಇಲ್ಲ ಈಗ."

ನಾನು ಕೂಗಾಡಿದೆ. ವಾರಗಟ್ಟಲೆ ಕಾದು ಬೆಳೆಸಿದ್ದನ್ನು ಒಂದು ಮಧ್ಯಾಹ್ನದಲ್ಲಿ ಸಾಯಿಸಿದೆ ಎಂದೆ. ಸಿಟ್ಟು ಬಂದರೆ ನನ್ನ ದನಿ ಟರ್ಬೈನಿನ ಸದ್ದಿನ ಮೇಲೂ ಕೇಳುವಂಥದ್ದು. ಅಕ್ಕ ಮೊದಲು ಬೆಚ್ಚಿದಳು. ಆಮೇಲೆ ಕೋಲು ನೆಲಕ್ಕೆ ಕುಟ್ಟಿ ಎದ್ದು ನಿಂತಳು.

"ಲೋಳೆ ಬಂದ ಮೀನು ನಾ ಒಂದು ದಿವ್ಸ ಮಾರ್ಲಿಲ್ಲ, ತಿಳೀತಾ? ಲೋಳೆ ಕಂಡ್ರೆ ತೊಳೀಬೇಕು. ಅಮ್ಮ ನಂಗೆ ಕಲಿಸಿದ್ದು ಅದೊಂದೇ."

ಅಮ್ಮನ ಕೈಯ ಆ ಶುದ್ಧಕ್ಕೇ ನಮ್ಮ ಬುಟ್ಟಿಗೆ ಗಿರಾಕಿ ಇದ್ದದ್ದು. ಅವಳ ಪಾಲಿಗೆ ಲೋಳೆ ಎಂದರೆ ಸಾವು, ನನ್ನ ತೊಟ್ಟಿಯಲ್ಲಿ ಅದೇ ಜೀವ. ಮಂಚದ ತುದಿಯಲ್ಲಿ ಕೂತ ಅಕ್ಕ ಗಾಜಿನ ಕಡೆ ನೋಡಲಿಲ್ಲ, "ಭಾನುವಾರ ನನ್ನ ಬೇಲೇಕೇರಿಗೆ ಬಿಡು" ಎಂದಳು.

ರಾತ್ರಿ ಊಟವಾದ ಮೇಲೆ ಹೆಂಡತಿಯ ಹತ್ತಿರ ದೂರು ಹೇಳಿದೆ: ಇಷ್ಟೆಲ್ಲ ಮಾಡಿದ್ದು ಅಕ್ಕನ ಒಳ್ಳೆಯದಕ್ಕೇ ಅಲ್ಲವೇ? ಹೆಂಡತಿಯ ತವರು ಚೆಂಡಿಯಾ. ಆ ಊರಿನ ಜಾಗ ನೌಕಾನೆಲೆಗೆ ಹೋದಾಗ ಅವಳ ಅಮ್ಮ ಬೇರೆ ಕಡೆ ಹೊಸ ಮನೆಗೆ ಬಂದವರು. ಪಾತ್ರೆ ಒರೆಸುತ್ತಿದ್ದವಳು ತಿರುಗಿ ನೋಡದೆ ಹೇಳಿದಳು: "ನನ್ನ ಅಮ್ಮನಿಗೂ ಎಲ್ಲ ಹಂಗೇ ಹೇಳಿದ್ರು, ಒಳ್ಳೇದಕ್ಕೇ ಅಂತ. ಮನೆ ಒಳ್ಳೇದೇ ಇತ್ತು. ಅಮ್ಮ ಸಾಯೂ ತನಕ ಅದಕ್ಕೆ 'ಅವರ ಮನೆ' ಅಂತಲೇ ಹೇಳ್ತಿತ್ತು." ಆ ಮಾತು ನನಗೆ ರುಚಿಸಲಿಲ್ಲ. ಎದ್ದು ಹೋಗಿ ಮೀನಿನ ನೀರು ಅರ್ಧ ಬದಲಿಸಿದೆ.

ನೀರು ಬದಲಿಸುವುದು ಬೆಂಕಿ ಬಿದ್ದಲ್ಲಿ ಚೊಂಬಿನಿಂದ ನೀರು ಹೊಯ್ದ ಹಾಗೆ. ಪಳಗಿದ ತೊಟ್ಟಿಯೊಂದರ ಸ್ಪಂಜು ಸಿಕ್ಕರೆ ಮಾತ್ರ ಮೀನು ಉಳಿಯುತ್ತಿದ್ದವು. ಹಾಲಿಗೆ ಹೆಪ್ಪು ಬೇಕಾಗುವ ಹಾಗೆ. ಅಂಗಡಿಯವನು ಮಲ್ಲಾಪುರದ ಟೌನ್‌ಶಿಪ್ಪಿನಲ್ಲಿದ್ದ ಶಾಲಾ ಟೀಚರೊಬ್ಬರ ಫೋನ್ ನಂಬರು ಕೊಟ್ಟ. ಅವರ ಮನೆಯಲ್ಲಿ ಬಹಳ ವರ್ಷಗಳ ತೊಟ್ಟಿಯಿದೆಯಂತೆ. ಫೋನ್ ಮಾಡಿದರೆ, "ಬನ್ನಿ, ಅರ್ಧ ಕೊಡುತ್ತೇನೆ. ಬೇಗ ಬನ್ನಿ" ಎಂದರು. ಮರುದಿನ ಬೆಳಿಗ್ಗೆ ಹೊರಟಾಗ ಅಕ್ಕ ಸೀರೆ ಬದಲಿಸಿ ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನಾನೂ ಬತ್ತೆ. ಕೆಡಿಸಿದವ್ಳು ನಾನು."

ಟೀಚರು ತಮ್ಮ ಫಿಲ್ಟರು ತೆರೆದು ಹಳೆಯ ಸ್ಪಂಜನ್ನು ಕತ್ತರಿಯಿಂದ ಅರ್ಧಕ್ಕೆ ಕತ್ತರಿಸಿದರು. ಕಪ್ಪಗಿತ್ತು, ಜಿನುಗುತ್ತಿತ್ತು. ಅಕ್ಕ ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು.

"ಕೊಳೆತ ವಾಸ್ನೆ ಅಲ್ಲ ಇದು" ಎಂದಳು. "ಮಳೆ ಬಿದ್ದ ಮಣ್ಣಿನ ವಾಸ್ನೆ."

"ಹೌದಮ್ಮಾ, ಇದನ್ನ ಒಣಗೋದಕ್ಕೆ ಮಾತ್ರ ಬಿಡಬೇಡಿ" ಎಂದರು ಟೀಚರು.

ಒಣಗದಂತೆ ಒಯ್ಯುವುದನ್ನು ಅಕ್ಕನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸ್ಪಂಜನ್ನು ಬಕೆಟ್ಟಿನಲ್ಲಿಟ್ಟು, ಅದೇ ತೊಟ್ಟಿಯ ನೀರು ಹಾಕಿಸಿಕೊಂಡು, ಮೇಲೆ ಒದ್ದೆ ಬಟ್ಟೆ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡಳು. ಕಾರಿನ ಕಿಟಕಿ ಏರಿಸಿದಳು. ಆಗಾಗ ಬಟ್ಟೆಯ ಮೇಲೆ ಬೆರಳಿನಿಂದ ನೀರು ಚಿಮುಕಿಸುತ್ತಿದ್ದಳು. ರಸ್ತೆ ಕಾಳಿ ನದಿಯ ಪಕ್ಕದಲ್ಲೇ ಬರುತ್ತದೆ.

"ಇದನ್ನ ಹಾಕಿದ್ರೆ ಸಾಕಾ?" ಎಂದು ಕೇಳಿದಳು.

"ಸಾಕು. ಆದ್ರೆ ತೊಟ್ಟಿ ಖಾಲಿ ಬಿಡೂ ಹಂಗಿಲ್ಲ. ದಿನಾ ಸ್ವಲ್ಪ ತಿನ್ನಲಿಕ್ಕೆ ಸಿಗ್ಬೇಕು ಇವಕ್ಕೆ. ಇಲ್ಲಾಂದ್ರೆ ಮತ್ತೆ ಸಾಯ್ತವೆ."

"ಹಂಗಾರೆ ನಮ್ಮ ಜಾಗದ ಹಂಗೇ."

"ಯಾವ ಜಾಗ?"

"ಮಾರ್ಕೆಟ್ಟಿದು. ಖಾಲಿ ಬಿಟ್ರೆ ಹೋಗ್ತದಲ್ಲ. ಅದಕ್ಕೇ ಪಕ್ಕದವ್ಳು ದಿನಾ ಬೆಳಿಗ್ಗೆ ನನ್ನ ಮಣೆ ಹಾಕಿ, ಅದರ ಮೇಲೆ ಒಂದು ಪಾಲು ಮೀನು ಇಡ್ತಾಳೆ. ನನ್ನ ಹೆಸರಲ್ಲಿ ಮಾರ್ತಾಳೆ. ಮೀನು ಇದ್ದ ಮಣೆ ಮುಟ್ಲಿಕ್ಕೆ ಯಾರೂ ಬರೂದಿಲ್ಲ. ಇವತ್ತು ನೊಗಲಿ ಇಟ್ಟಿದ್ದೆ, ನಿನ್ನೆ ಬಂಗಡೆ ಇಟ್ಟಿದ್ದೆ ಅಂತ ಫೋನ್ ಮಾಡಿ ಹೇಳ್ತಾಳೆ. ನೀ ಕೇಳೂದಿಲ್ವಾ ದಿನಾ?"

ಕೇಳಿದ್ದೆ. ಹರಟೆ ಎಂದುಕೊಂಡಿದ್ದೆ. ಮೊದಲು ನನಗೆ ಬಂದದ್ದು ಸಿಟ್ಟು. ನನ್ನ ಬೆನ್ನ ಹಿಂದೆ ಇಷ್ಟು ದಿನ ಈ ಇಬ್ಬರು ಹೆಂಗಸರು ನನ್ನ ಲೆಕ್ಕಾಚಾರವನ್ನು ಮಣ್ಣುಪಾಲು ಮಾಡುತ್ತಿದ್ದರು. ಕಾರನ್ನು ಬದಿಗೆ ನಿಲ್ಲಿಸಿದೆ.

"ಇಷ್ಟು ದಿನವೂ?"

"ಒಂದು ದಿವ್ಸ ಬಿಡ್ಲಿಲ್ಲ. ಅವ್ಳು ಬಾಣಂತಿ ಆದಾಗ ನಾ ಇಟ್ಟಿದ್ದೆ. ಅಮ್ಮ ಕಾಯಿಲೆ ಬಿದ್ದಾಗ ಅವ್ಳ ಅತ್ತೆ ಇಟ್ಟಿತ್ತು. ಇಲ್ದಿದ್ರೆ ನಂಗೆ ಆ ಜಾಗ ಎಲ್ಲಿಂದ ಸಿಗ್ತಿತ್ತು?" ಎಂದು, ನನ್ನ ಮುಖ ನೋಡಿ, "ಗಾಡಿ ಬಿಡೋ. ಇದು ಒಣಗ್ತದೆ" ಎಂದಳು.

ಆ ದಿನದ ನಂತರ ನಾನು ಯೋಚಿಸಿದ್ದನ್ನು ಹೇಳಿಬಿಡುತ್ತೇನೆ. ಮೀನು ಗಾಜಿನೊಳಗೆ, ಅಕ್ಕ ನನ್ನ ಹಾಲ್‌ನೊಳಗೆ ಎಂದು ಯಾರಾದರೂ ಸುಲಭದ ಹೋಲಿಕೆ ಮಾಡಿದರೆ ನಾನು ಒಪ್ಪುವುದಿಲ್ಲ. ಅಕ್ಕನನ್ನು ಹಿಡಿದಿಡುವ ಗಾಜು ಇನ್ನೂ ತಯಾರಾಗಿಲ್ಲ. ನನಗೆ ತಿಳಿದದ್ದು ಬೇರೆ. ಆ ಮಾರ್ಕೆಟ್ಟು ನನಗೆ ಕೆಸರು, ವಾಸನೆ, ನೊಣ, ಅಕ್ಕನ ಮಂಡಿಯನ್ನು ತಿಂದ ನೆಲ. ಅದರಿಂದ ಅವಳನ್ನು ತೊಳೆದು ತೆಗೆದು ಸ್ವಚ್ಛವಾದ ಕಡೆ ಇಡಬೇಕೆಂದು ನಾನು ಹೊರಟಿದ್ದೆ. ಬೈಗುಳ, ಪಾಲು, ಹೆರಿಗೆಯ ಸುದ್ದಿ, ಪಕ್ಕದವಳಿಗೆಂದು ಇಟ್ಟ ಒಂದು ಹಿಡಿ ಮೀನು, ಇವೆಲ್ಲ ಅಮ್ಮನ ಕಾಲದಿಂದ ಪದರ ಪದರವಾಗಿ ಕಟ್ಟಿಕೊಂಡು ಅವಳನ್ನು ಬದುಕಿಸಿವೆ ಎಂಬುದು ನನಗೆ ಕಾಣಲೇ ಇಲ್ಲ. ಬ್ಲೀಚಿಂಗ್ ಪೌಡರ್ ಹಿಡಿದವಳು ಅವಳೊಬ್ಬಳೇ ಅಲ್ಲ. ಬೇಜಾರಾಯಿತು. ನನ್ನ ಮನೆಯಲ್ಲಿ ಅವಳಿಗೆ ಇಷ್ಟು ದಿನದಲ್ಲಿ ಅಂಥದ್ದೇನೂ ಕಟ್ಟಿಕೊಳ್ಳಲಿಲ್ಲವಲ್ಲ ಎಂದೂ ಬೇಜಾರಾಯಿತು.

ಮಲ್ಲಾಪುರದ ಸ್ಪಂಜು ಕೆಲಸ ಮಾಡಿತು. ಎರಡು ಏಂಜೆಲ್ ಸತ್ತವು, ಉಳಿದವು ಚೇತರಿಸಿಕೊಂಡವು. ಅಕ್ಕ ಆ ಭಾನುವಾರ ಹೋಗಲಿಲ್ಲ, ನಳಿಕೆಯಲ್ಲಿ ಹಳದಿ ಬರುವ ತನಕ ಇದ್ದಳು. ಅಷ್ಟರಲ್ಲಿ ನಾನು ವೆಲ್ಡಿಂಗ್ ಅಂಗಡಿಗೆ ಹೋಗಿ ಅವಳ ಎತ್ತರಕ್ಕೆ ಸರಿಯಾಗಿ ಒಂದು ಗಟ್ಟಿ ಸ್ಟೂಲನ್ನೂ, ಮಣೆಯನ್ನು ಅದೇ ಮಟ್ಟಕ್ಕೆ ಎತ್ತಿ ಹಿಡಿಯುವ ನಾಲ್ಕು ಕಾಲಿನ ಚೌಕಟ್ಟನ್ನೂ ಮಾಡಿಸಿ ತಂದೆ. ನೆಲದ ಮೇಲೆ ಕೂರಬಾರದು ಎಂದಿದ್ದರು ಡಾಕ್ಟರು, ಮಾರ್ಕೆಟ್ಟಿಗೆ ಹೋಗಬಾರದು ಎಂದಿರಲಿಲ್ಲ. ಅಕ್ಕ ಅದನ್ನು ನೋಡಿ ಮುಖ ಸಿಂಡರಿಸಿದಳು.

"ಎಲ್ಲರೂ ನೆಲದ ಮೇಲೆ ಕೂತಿರ್ವಾಗ ನಾನೊಬ್ಳು ಸಾವ್ಕಾರ್ತಿ ಹಂಗೆ ಮೇಲೆ ಕೂತ್ಕಳೂದಾ? ನಾಚ್ಕೆ ಆಗೂದಿಲ್ವಾ ನಂಗೆ?"

ಅದು ಅವಳ ನಿಜವಾದ ಭಯವೆಂದು ಆಗ ಗೊತ್ತಾಯಿತು. ಮಂಡಿಯದಲ್ಲ, ಜಾಗದ್ದೂ ಅಲ್ಲ. ಪಕ್ಕದವರಿಗಿಂತ ಎತ್ತರದಲ್ಲಿ ಕೂತರೆ ಅವರು ಪಕ್ಕದವರಾಗಿ ಉಳಿಯುತ್ತಾರೋ ಇಲ್ಲವೋ ಎಂಬುದು.

ಬೆಳಿಗ್ಗೆ ಬೇಗ ಕಾರಿನಲ್ಲಿ ಅಂಕೋಲೆಗೆ ಹೊರಟೆವು. ಮಾರ್ಕೆಟ್ಟಿನ ಬಾಗಿಲಲ್ಲಿ ಅಕ್ಕನ ನಡಿಗೆ ನಿಧಾನವಾಯಿತು. ಅವಳ ಮೂಲೆಯಲ್ಲಿ ಅವಳ ಮಣೆ ಇತ್ತು, ಮಣೆಯ ಮೇಲೆ ಒಂದು ಪಾಲು ಬಂಗಡೆ ಇತ್ತು. ಪಕ್ಕದ ಗೆಳತಿ ಕತ್ತಿ ಬಿಟ್ಟು ಎದ್ದಳು. ನನ್ನ ಕೈಯಲ್ಲಿದ್ದ ಸ್ಟೂಲನ್ನೂ ಚೌಕಟ್ಟನ್ನೂ ಒಮ್ಮೆ ನೋಡಿ, ಏನೂ ಕೇಳದೆ ಕಸಿದುಕೊಂಡು, ಮಣೆಯನ್ನು ಮೀನು ಸಮೇತ ಚೌಕಟ್ಟಿನ ಮೇಲೆ ಏರಿಸಿದಳು.

"ಕೂತ್ಕಳೇ ಮಾರಾಯ್ತಿ" ಎಂದಳು. "ಮೇಲೆ ಕೂತ್ರೆ ನಿನ್ನ ಬಾಯಿ ಬಸ್ ಸ್ಟ್ಯಾಂಡಿಗೂ ಕೇಳ್ತದೆ, ನಮಗೂ ಗಿರಾಕಿ ಬರ್ತವೆ."

ಸಾಲಿನುದ್ದಕ್ಕೂ ನಗು ಎದ್ದಿತು. ಅಕ್ಕ ಕೂತಳು. ಸೀರೆಯ ಸೆರಗು ಸಿಕ್ಕಿಸಿ, ಬಂಗಡೆಗಳನ್ನು ತಲೆ ಒಂದೇ ಕಡೆ ಬರುವಂತೆ ಜೋಡಿಸತೊಡಗಿದಳು. ಯಾವಾಗ ಬೇಕಾದರೂ ಬಾ, ಮಂಚ ತೆಗೆಯುವುದಿಲ್ಲ ಎಂದು ಹೇಳಬೇಕೆಂದು ನಾನು ಕಾರವಾರದಿಂದಲೇ ಮಾತು ಹೊಂದಿಸಿಕೊಂಡು ಬಂದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ನನ್ನ ಹಿಂದೆ ಚೀಲ ಹಿಡಿದ ಹೆಂಗಸೊಬ್ಬಳು ಬಂದು ನಿಂತು, "ಅಯ್ಯೋ ಬಾಯೀ, ಎಲ್ಲಿಗೆ ಹೋಗಿದ್ಯೇ ಇಷ್ಟು ದಿನ?" ಎಂದಳು.

"ತಮ್ಮನ ಮನೆಗೆ" ಎಂದಳು ಅಕ್ಕ, ಮೀನಿನಿಂದ ಕಣ್ಣೆತ್ತದೆ. "ನೆಂಟಸ್ತಿಕೆಗೆ ಹೋಗಿದ್ದೆ." ಆಮೇಲೆ ನನ್ನ ಕಡೆ ತಿರುಗಿ, "ಸ್ವಲ್ಪ ಸರಿಯೋ ತಮಾ, ಗಿರಾಕಿಗೆ ಅಡ್ಡ ಆಗ್ತದೆ" ಎಂದಳು.

ನಾನು ಸರಿದು ನಿಂತೆ.